ಗೋರಿಯ ಮೇಲೊಂದು ಕಲ್ಲು

ಯಹೂದಿ ಸಿನಿಮಾಗಳ ಸಂಚಾರಿ ಉತ್ಸವ ಹುಣಸಗಿಗೆ ಬಂದಾಗ, ಮೈಕ್ ಹಿಡಿದು ಕತೆಯನ್ನು ಕನ್ನಡದಲ್ಲಿ ಹೇಳುವ ಕೆಲಸ ನನ್ನದಾಗಿತ್ತು. ಇಸ್ರೇಲಿನ ಒಂದು ಚಿತ್ರದಲ್ಲಿ ಮಗ ತನ್ನ ತಾಯಿಯ ಗೋರಿಯ ಮೇಲೆ ಸಣ್ಣ ಕಲ್ಲೊಂದನ್ನಿಟ್ಟು ಸುಮ್ಮನೆ ಎದ್ದು ಹೋಗುತ್ತಾನೆ.

ಸಿನಿಮಾ ಮುಗಿದ ಮೇಲೆ ಮುದುಕರೊಬ್ಬರು ಎದ್ದು ನಿಂತರು. "ಕಲ್ಲು ಯಾಕ ಇಟ್ಟಾನ್ರಿ ಸರ?"

"ಅದು ಅವರ ಪದ್ಧತಿರಿ ಮುತ್ಯಾ. ಮರ್ತಿಲ್ಲ, ಬಂದು ಹೋಗೇನಿ ಅಂತ ಗುರ್ತು."

"ಛಲೋ ಪದ್ಧತಿ. ನಮ್ಮವ್ವನ್ನ ಮಣ್ಣು ಮಾಡಿದ ಜಾಗ ಡ್ಯಾಮಿನ ನೀರಾಗ ಮುಳುಗೈತ್ರಿ. ನಾ ಎಲ್ಲಿ ಇಡ್ಲಿ?"

ಸಂಘಟಕರು ಕೊಟ್ಟಿದ್ದ ಉತ್ತರಗಳ ಹಾಳೆಯನ್ನು ಪೆದ್ದನಂತೆ ತಿರುವಿ ಹಾಕಿದೆ. ಅವರ ಹಬ್ಬ, ಊಟ, ಟೋಪಿ ಎಲ್ಲ ಅದರಲ್ಲಿತ್ತು; ಇದಿರಲಿಲ್ಲ.

ಸಂಜೆ ಸುರಪುರದ ಬಸ್ಸಿಗೆ ಹೊರಟಾಗ ಅದೇ ಮುದುಕರು ಡ್ಯಾಮಿನಿಂದ ಬರುವ ಕಾಲುವೆಯ ಸೇತುವೆ ಮೇಲೆ ನಿಂತಿದ್ದರು. "ಈ ನೀರು ಆಕಿ ಮ್ಯಾಲಿಂದನ ಹರದ ಬರ್ತೈತ್ರಿ," ಎನ್ನುತ್ತ ಅಂಗೈಯಲ್ಲಿದ್ದ ಕಲ್ಲನ್ನು ಮೆಲ್ಲಗೆ ನೀರಿಗೆ ಬಿಟ್ಟರು.

ಕಾಲುವೆ ಕಾಯುವವನು ದೂರದಿಂದಲೇ ಗದರಿದ: "ಏ ಮುದುಕಾ, ಕೆನಾಲದಾಗ ಕಲ್ಲು ಒಗಿಬ್ಯಾಡ!"

ಉತ್ಸವದ ವರದಿಯಲ್ಲಿ ಪ್ರೇಕ್ಷಕರ ಪ್ರಶ್ನೆ ಬರೆದರೆ ಪಕ್ಕದಲ್ಲೇ ಉತ್ತರವನ್ನೂ ಬರೆಯಬೇಕಿತ್ತು. ‘ಪ್ರಶ್ನೆಗಳೇ ಬರಲಿಲ್ಲ’ ಎಂದು ಬರೆದು ಸಹಿ ಹಾಕಿದೆ.