ಮದುಮಗಳನ್ನು ಹೊರುವ ತಾಲೀಮು

ನಮ್ಮಲ್ಲಿ ಮದುಮಗಳನ್ನ ಮಂಟಪಕ್ಕೆ ಎತ್ಕೊಂಡು ಬರೋದು ಸೋದರಮಾವನ ಹಕ್ಕು. ನಮ್ಮಪ್ಪ ಅಮ್ಮನಿಗೆ ಗಂಡುಮಕ್ಕಳಿಲ್ಲ, ಅಕ್ಕ ಮತ್ತು ನಾನು ಇಬ್ಬರೇ. ಹಾಗಾಗಿ ಅಕ್ಕನ ಮಗಳಿಗೆ ಮದುವೆ ಗೊತ್ತಾದಾಗ ಮೊದಲು ಎದ್ದ ಪ್ರಶ್ನೆ ಛತ್ರದ್ದಲ್ಲ, ಅಡುಗೆಯವರದ್ದೂ ಅಲ್ಲ. ಹುಡುಗೀನ ಎತ್ತೋರು ಯಾರು?

ಸಂಕ್ರಾಂತಿಗೆ ಭದ್ರಾವತಿಯ ಅಕ್ಕನ ಮನೇಲಿ ಸೇರಿದ್ವಿ. "ಇನ್ಯಾರು, ನಾನೇ," ಅಂದ ನಮ್ಮ ದೊಡ್ಡಪ್ಪನ ಮಗ, ನಮಗಿಬ್ಬರಿಗೂ ಅಣ್ಣ. ವರಸೆಯಲ್ಲಿ ಅವನೂ ಸೋದರಮಾವನೇ, ಇಲ್ಲ ಅನ್ನಲ್ಲ. ಜಿಮ್ಮಿಗೆ ಹೋಗ್ತಾನೆ. ಎಳ್ಳುಬೆಲ್ಲ ಅಗಿಯುವಾಗಲೂ ಬಿಗಿ ಟೀ ಶರ್ಟಲ್ಲಿ ಎದೆ ಉಬ್ಬಿಸ್ಕೊಂಡೇ ಕೂತಿರ್ತಾನೆ.

ಹುಡುಗಿ ತಟ್ಟೆಯಿಂದ ಕಬ್ಬಿನ ಚೂರು ಆರಿಸ್ತಾ ಅಂದ್ಲು, "ಬೇಡ. ಚಿಕ್ಕಮ್ಮ ಎತ್ಲಿ."

ಮನೆಯೆಲ್ಲ ನಕ್ಕಿತು. ನಗಲಿ ಬಿಡಿ, ನಗೋ ಹಾಗೇ ಇದ್ದೆ. ಆಸ್ಪತ್ರೆ ಬಿಲ್ಲುಗಳನ್ನ ವಿಮೆ ಕಂಪನಿಗೋಸ್ಕರ ಪರಿಶೀಲಿಸೋ ಕೆಲಸ ನನ್ನದು. ಶಿವಮೊಗ್ಗದ ಮನೆಯಲ್ಲೇ ಕೂತು ಮಾಡೋದು. ಹಾಸಿಗೆಯಿಂದ ಕುರ್ಚಿ, ಕುರ್ಚಿಯಿಂದ ಫ್ರಿಜ್ಜು, ಫ್ರಿಜ್ಜಿಂದ ಮತ್ತೆ ಕುರ್ಚಿ. ಮೊದಲು ಆಫೀಸಿಗೆ ಹೋಗುವಾಗ ಬಸ್ಸು ತಪ್ಪಿದ್ರೆ ಓಡ್ತಿದ್ದೆ. ಈಗ ಕೊರಿಯರ್‌ನವನು ಬಂದ್ರೂ "ಅಲ್ಲೇ ಇಟ್ಟು ಹೋಗಪ್ಪಾ" ಅಂತ ಕೂಗ್ತೀನಿ. ಮೈಗಳ್ಳಿ ಅನ್ನಿ, ಬೇಜಾರಿಲ್ಲ.

ಆದ್ರೆ ಆ ಮಾತು ಕೇಳಿ ನನಗೆ ಆಸೆ ಆಯ್ತು. ಅಕ್ಕ ನರ್ಸು, ಶಿಫ್ಟಿನ ಕೆಲಸ. ಭಾವ ಲಾರಿ ವ್ಯವಹಾರ ಅಂತ ಊರೂರು ಸುತ್ತೋರು. ಹುಡುಗಿ ಪಿಯುಸಿಯಿಂದ ಡಿಗ್ರಿ ಮುಗಿಯೋವರೆಗೂ ನನ್ನ ಜೊತೇಲೇ ಇದ್ಲು. ನಾನು ಮದುವೆ ಆದವಳಲ್ಲ, ಹೆತ್ತವಳೂ ಅಲ್ಲ. ಅವಳು ನನ್ನ ಮಗಳು ಅಂತ ಎಲ್ಲರೆದುರು ಹೇಳ್ಕೊಳ್ಳೋಕೆ ನನಗೆ ಇದೊಂದೇ ಅವಕಾಶ. ಅದನ್ನ ಆ ಟೀ ಶರ್ಟಿನವನಿಗೆ ಬಿಟ್ಟುಕೊಡೋಕೆ ನನಗೇನು ಹುಚ್ಚೇ?

"ಎತ್ತಿ ತೋರಿಸು, ಆಮೇಲೆ ಮಾತಾಡು," ಅಂದ್ಲು ಅಕ್ಕ.

ಸೆರಗು ಸಿಕ್ಕಿಸಿ ಎತ್ತಿದೆ. ಎತ್ತಿದೆ ಅನ್ನೋದು ದೊಡ್ಡ ಮಾತು. ಹುಡುಗಿ ಕಾಲೇಜಲ್ಲಿ ಕಬಡ್ಡಿ ಆಡಿದವಳು, ಗಟ್ಟಿ ಆಸಾಮಿ. ಇಬ್ಬರೂ ಸೋಫಾದ ಮೇಲೆ ಬಿದ್ವಿ, ಎಳ್ಳುಬೆಲ್ಲದ ಡಬ್ಬಿ ನಮ್ಮ ಮೇಲೆ ಬಿತ್ತು. "ಈ ಸೋಫಾ ಅಡ್ಡ ಬಂತು," ಅಂದೆ. "ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ," ಅಂತ ಅಣ್ಣ ನಕ್ಕ. ಆ ನಗು ನನಗೆ ಉರಿ ಹಚ್ಚಿತು. ಮದುವೆ ಬೇಸಿಗೆಯಲ್ಲಿ. ಅಷ್ಟರೊಳಗೆ ಮಾಡೇ ಮಾಡ್ತೀನಿ ಅಂತ ಶಪಥ ಮಾಡಿ ಶಿವಮೊಗ್ಗದ ಬಸ್ಸು ಹತ್ತಿದೆ.

ಮಾರನೇ ದಿನ ಗಾಂಧಿ ಬಜಾರಿಗೆ ಹೋಗಿ ಒಂದು ಮೂಟೆ ಅಕ್ಕಿ ಕೊಂಡೆ. "ಮನೆಗೆ ಕಳಿಸ್ಲಾ ಮೇಡಂ?" ಅಂದ್ರು ಸಾಹುಕಾರರು. "ಬೇಡ, ಹೊತ್ಕೊಂಡೇ ಹೋಗ್ತೀನಿ," ಅಂದೆ ಠೀವಿಯಿಂದ. ಪಕ್ಕದ ಬಟ್ಟೆ ಅಂಗಡಿ ದಾಟೋ ಹೊತ್ತಿಗೆ ಆಟೋ ಕರೆದೆ.

ಕೆಲಸದ ನಡುವೆ ತಾಲೀಮಿಗೆ ಹೊತ್ತೆಲ್ಲಿ ಅಂತೀರಾ? ಮೀಟಿಂಗ್‌ನಲ್ಲಿ! ನಮ್ಮ ಮೀಟಿಂಗುಗಳಲ್ಲಿ ಒಬ್ಬರು ಮಾತಾಡ್ತಾರೆ, ಉಳಿದವರು ಮ್ಯೂಟಲ್ಲಿ ಕೂತು ಆಕಳಿಸ್ತಾರೆ. ನಾನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಮೂಟೆ ತಬ್ಬಿಕೊಂಡು, ನಡುಮನೆಯಲ್ಲಿ ಸುತ್ತು ಹೊಡೆಯೋಕೆ ಶುರು ಮಾಡಿದೆ. ಮೊದಲ ವಾರ ಬೆನ್ನು, ತೊಡೆ, ನನಗೆ ಹೆಸರೂ ಗೊತ್ತಿಲ್ಲದ ಜಾಗಗಳೆಲ್ಲ ಬೈದ್ವು. ಆಮೇಲೆ ನಡುಮನೆ ಸಾಲದೆ ಟೆರೇಸಿಗೆ ಹತ್ತೋದು ಶುರುವಾಯ್ತು. ಮಧ್ಯಾಹ್ನ ಸೋಗಾನೆ ಏರ್‌ಪೋರ್ಟಿಗೆ ಇಳಿಯೋ ವಿಮಾನದ ಸದ್ದು ಕೇಳಿದ್ರೆ ನನಗೆ ಟೀ ಬ್ರೇಕು. ಮೂಟೆ ಎತ್ಕೊಂಡು ಮೆಟ್ಟಿಲು ಹತ್ತೋದೇ. ಬಾಸು ಒಂದಿನ ಕೇಳಿದ್ರು, "ಯಾಕೆ ಮೇಡಂ ಇಷ್ಟು ಏದುಸಿರು?" "ನಿಮ್ಮ ಟಾರ್ಗೆಟ್ ನೋಡಿ ಸರ್," ಅಂದೆ.

ಇದನ್ನೆಲ್ಲ ಪಕ್ಕದ ಮನೆ ಟೀಚರ್ ನೋಡ್ತಿದ್ರು. ಹೈಸ್ಕೂಲಲ್ಲಿ ಹಿಂದಿ ಕಲಿಸಿ ರಿಟೈರಾದೋರು, ನಮ್ಮ ಬೀದಿಯಲ್ಲಿ ಅವರ ಕಣ್ಣು ತಪ್ಪಿಸಿ ಬೆಕ್ಕೂ ಓಡಾಡಲ್ಲ. ಬೇಸಿಗೆ, ಮನೇಲಿ ಮದುವೆ, ದಿನಾ ಟೆರೇಸಿಗೆ ಅಕ್ಕಿ ಹೋಗ್ತಿದೆ. ಅಂದ್ಮೇಲೆ ಏನರ್ಥ? ಸಂಡಿಗೆ! ಅದೂ ಅವರನ್ನ ಕರೆಯದೆ!

ಒಂದು ದಿನ ಟೆರೇಸಲ್ಲಿದ್ದಾಗ ಆಫೀಸಿಂದ ಅರ್ಜೆಂಟ್ ಫೋನ್ ಬಂತು ಅಂತ ಮೂಟೆ ಅಲ್ಲೇ ನೀರಿನ ಟ್ಯಾಂಕಿನ ನೆರಳಲ್ಲಿ ಬಿಟ್ಟು ಓಡಿಬಂದೆ. ಸಂಜೆ ಹೋದ್ರೆ ಮೂಟೆ ಮಾಯ. ಕಳ್ಳ ಬಂದ್ನಾ ಅಂತ ಟ್ಯಾಂಕಿನ ಹಿಂದೆಲ್ಲ ಹುಡುಕಿದೆ. ಅಷ್ಟರಲ್ಲಿ ಟೀಚರ್ ತಮ್ಮ ಟೆರೇಸಿಂದ ಹೇಳಿದ್ರು, "ಒಬ್ಬಳೇ ಎಷ್ಟು ಅಂತ ಒದ್ದಾಡ್ತೀಯ ಮಾರಾಯ್ತಿ? ನಿನ್ನ ಅಕ್ಕಿ ಬೀದಿ ಹುಡುಗರ ಕೈಲಿ ಇಳಿಸಿ, ನಾಲ್ಕು ಮನೆ ಪಾತ್ರೆಯಲ್ಲಿ ನೆನೆಹಾಕಿಸಿದ್ದೀನಿ. ಬೆಳಿಗ್ಗೆ ಎಲ್ಲರೂ ಬರ್ತೀವಿ."

ಶಿವನೇ! ನನ್ನ ಇಡೀ ತಾಲೀಮು ನೀರಲ್ಲಿ ಮುಳುಗಿತ್ತು.

ಇನ್ನೇನು ಮಾಡೋದು, ಒಂದು ರಜೆ ಹಾಕಿದೆ. ಬೀದಿ ಹೆಂಗಸರೆಲ್ಲ ಬಂದ್ರು. ಅಕ್ಕಿ ರುಬ್ಬಿಸಿ, ಟೆರೇಸಲ್ಲೇ ಒಲೆ ಹೂಡಿ, ಕೊಳದಪ್ಪಲೆಯಲ್ಲಿ ಹಿಟ್ಟು ಕುದಿಸಿದ್ವಿ. ಗಟ್ಟಿಯಾಗ್ತಾ ಬಂದ ಹಿಟ್ಟನ್ನ ಮರದ ಸೌಟಲ್ಲಿ ತಿರುವಿ ತಿರುವಿ ನನ್ನ ರಟ್ಟೆ ಬಿದ್ದುಹೋಯ್ತು. ಹಳೇ ಸೀರೆಗಳ ಮೇಲೆ ಸಂಡಿಗೆ ಇಡ್ತಾ ಇಡ್ತಾ ಸುಸ್ತಲ್ಲಿ ಬಾಯಿಬಿಟ್ಟೆ. ಅದು ಸಂಡಿಗೆಗಲ್ಲ ಟೀಚರ್, ಹುಡುಗೀನ ಎತ್ತೋ ತಾಲೀಮಿಗೆ ಅಂತ ಇಟ್ಕೊಂಡಿದ್ದು.

ಟೀಚರ್ ಸೌಟು ಕೆಳಗಿಟ್ರು. ಅವರ ಮುಖ ಸಣ್ಣದಾಯ್ತು. ಕೈ ತೊಳ್ಕೊಂಡು ಎದ್ದು ನಿಂತ್ರು. "ಸರಿ ಹಾಗಾದ್ರೆ. ನನ್ನನ್ನೇ ಎತ್ತು."

"ಟೀಚರ್, ತಮಾಷೆ ಮಾಡ್ಬೇಡಿ."

"ತಮಾಷೆ ಏನು ಬಂತು? ಅಕ್ಕಿ ಮೂಟೆ ಸುಮ್ನೆ ಕೂತಿರುತ್ತೆ. ಮದುಮಗಳು ಅಲ್ಲಾಡ್ತಾಳೆ, ನಗ್ತಾಳೆ, ಅಳ್ತಾಳೆ. ಮನುಷ್ಯರನ್ನ ಎತ್ತಿ ಅಭ್ಯಾಸ ಮಾಡ್ಕೋ."

ಟೀಚರ್ ಒಳ್ಳೇ ಮೈಕಟ್ಟಿನವರು. ಅವತ್ತು ನೆಲದಿಂದ ಒಂದು ಗೇಣು ಮೇಲೆದ್ರೋ ಇಲ್ವೋ. ಆದ್ರೆ ವಿಮಾನದ ಹೊತ್ತಿಗೆ ದಿನಾ ಹಾಜರಾಗ್ತಿದ್ರು. ಎರಡು ವಾರಕ್ಕೆ ಟ್ಯಾಂಕಿನ ತನಕ, ತಿಂಗಳಿಗೆ ಟೆರೇಸಿನ ಸುತ್ತ. ನನ್ನ ಕುತ್ತಿಗೆಗೆ ಕೈ ಹಾಕ್ಕೊಂಡು ಬೀದಿ ನೋಡ್ತಾ, "ನಮ್ಮೋರು ಮದುವೆಯಾಗಿ ಇಷ್ಟು ವರ್ಷದಲ್ಲಿ ಒಂದಿನಾನೂ ಎತ್ತಲಿಲ್ಲ ಕಣೆ," ಅಂತಿದ್ರು. ಕೆಳಗೆ ಪೇಪರ್ ಓದ್ತಿದ್ದ ಅವರ ಯಜಮಾನರು ಕೇಳಿಸಿದ್ರೂ ಕೇಳಿಸದ ಹಾಗೆ ಹಾಳೆ ತಿರುವೋರು.

ಒಮ್ಮೆ ಹಾಗೆ ಎತ್ಕೊಂಡಿದ್ದಾಗಲೇ ಬಾಸಿನ ಫೋನು. ನನ್ನ ಕೈಯೆರಡೂ ಟೀಚರ್ ಅಡಿಯಲ್ಲಿ. ಅವರೇ ನನ್ನ ಕುರ್ತಾ ಜೇಬಿಂದ ತೆಗೆದು, "ಅವಳ ಕೈ ಖಾಲಿ ಇಲ್ಲ, ಆಮೇಲೆ ಮಾಡಪ್ಪಾ," ಅಂತ ಹೇಳಿ ಇಟ್ಟುಬಿಟ್ರು. ಆಮೇಲೆ ಬಾಸು ಯಾವತ್ತೂ ಟೀ ಬ್ರೇಕಲ್ಲಿ ಫೋನ್ ಮಾಡಲಿಲ್ಲ.

ಮದುವೆ ಭದ್ರಾವತಿಯಲ್ಲೇ. ಅಲಂಕಾರದ ಕೋಣೆಯಲ್ಲಿ ಅಕ್ಕ ನನ್ನ ಕೈ ಹಿಡಿದಳು. "ಬೇಡ ಕಣೇ. ಎಲ್ಲರೆದುರು ಬೀಳಿಸಿದ್ರೆ? ಗಂಡಿನ ಕಡೆಯವರು ಏನಂತಾರೆ? ಅವನೇ ಎತ್ಲಿ ಬಿಡು."

ವಾದ ಮಾಡೋಕೆ ಹೊತ್ತಿರಲಿಲ್ಲ. ಬಗ್ಗಿ ಅಕ್ಕನನ್ನೇ ಎತ್ತಿಬಿಟ್ಟೆ, ರೇಷ್ಮೆ ಸೀರೆ, ಒಡವೆ, ಹೂವು ಸಮೇತ. "ಅಯ್ಯಯ್ಯೋ, ನನ್ನ ನೆರಿಗೆ! ಇಳಿಸೇ ಮುಂಡೇದೇ!" ಅಂತ ಕಿರುಚಿದ್ಲು. ಆಮೇಲೆ ನಗೋಕೆ ಶುರು ಮಾಡಿದ್ಲು, ನಿಲ್ಲಿಸೋಕೇ ಆಗಲಿಲ್ಲ. ಇಳಿಸಿದ ಮೇಲೆ ಕಣ್ಣೊರೆಸ್ಕೊಂಡು ಹೇಳಿದ್ಲು, "ಹೋಗು. ಎತ್ಕೊಂಡು ಬಾ."

"ಸೋದರಮಾವ ಎಲ್ಲಿ?" ಅಂತ ಪುರೋಹಿತರು ಕರೆದ್ರು. ಅಣ್ಣ ಶಲ್ಯ ಸರಿಮಾಡ್ಕೊಂಡು ಎದ್ದ. ಅಷ್ಟರಲ್ಲಿ ನಾನು ಬಾಗಿಲಲ್ಲಿ ನಿಂತಿದ್ದೆ, ಹುಡುಗಿ ನನ್ನ ತೋಳಲ್ಲಿ. ಓಲಗದವರು ಒಂದು ಕ್ಷಣ ನಿಲ್ಲಿಸಿಬಿಟ್ರು, ಆಮೇಲೆ ಮೊದಲಿಗಿಂತ ಜೋರಾಗಿ ಊದಿದ್ರು. ಟೀಚರ್ ಮುಂದಿನ ಸಾಲಲ್ಲಿ ಎದ್ದು ನಿಂತು, "ಸೊಂಟ ನೆಟ್ಟಗೆ!" ಅಂತ ಕೂಗಿದ್ರು. ನಡೆದೆ. ಒಂದು ಹೆಜ್ಜೆಯೂ ತೊಡರಲಿಲ್ಲ. ಮಂಟಪ ಬಂತು.

"ಇಳಿಸಿ ತಾಯಿ," ಅಂದ್ರು ಪುರೋಹಿತರು.

ನಾನು ಇಳಿಸಲಿಲ್ಲ.

"ಮುಹೂರ್ತ ಮೀರುತ್ತೆ, ಇಳಿಸಿ."

ಹಾಗೇ ನಿಂತಿದ್ದೆ. ಅಣ್ಣ ಓಡಿಬಂದ, "ಸೊಂಟ ಹಿಡ್ಕೊಂಡ್ತಾ? ಕೊಡಿಲ್ಲಿ ನಾನು..." "ಹತ್ರ ಬಂದ್ರೆ ಒದೀತೀನಿ," ಅಂದೆ. ಅವನು ಹಿಂದೆ ಸರಿದ. ಹುಡುಗಿಯನ್ನ ಮದುವೆ ಮುಗಿದ ಮೇಲೆ ಗಂಡಿನ ಊರು ರಾಯಚೂರಿಗೆ ಕರ್ಕೊಂಡು ಹೋಗ್ತಾರೆ ಅನ್ನೋದು ನನಗೆ ಮೊದಲೇ ಗೊತ್ತಿತ್ತು. ಆದ್ರೆ ಅದು ನಿಜ ಅಂತ ಅನ್ನಿಸಿದ್ದು ಮಣೆ ಎದುರಿಗೆ ನಿಂತಾಗಲೇ. ಅಳು ಬಂತು, ಅತ್ತುಬಿಟ್ಟೆ.

ಅವಳು ನನ್ನ ಕಿವಿಯ ಹತ್ರ ಮೆಲ್ಲಗೆ ಕೇಳಿದ್ಲು, "ಚಿಕ್ಕಮ್ಮ, ಭಾರ ಆಗ್ತಿದೀನಾ?"

"ಇಲ್ಲ ಕಣೆ," ಅಂದೆ. "ಭಾರ ಆಗಿದ್ರೆ ಇಷ್ಟೊತ್ತಿಗೆ ಇಳಿಸಿರ್ತಿದ್ದೆ."