ಮನಸ್ಸು ಓದಲು ಬರುವುದಿಲ್ಲ ಎಂದವರು

ನಮ್ಮ ಮನಶ್ಶಾಸ್ತ್ರದ ಸರ್ ಅವರ ಬಲಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು. ನಡುವೆ ಕಡಲೆಬೇಳೆಯಷ್ಟು ಗಟ್ಟಿ ಚರ್ಮ. ಇಪ್ಪತ್ತು ವರ್ಷ ಸ್ಟಾಪ್‌ವಾಚಿನ ಗುಂಡಿ ಒತ್ತಿ ಒತ್ತಿ ಹಾಗಾಗಿತ್ತು. ನಮ್ಮ ಪ್ರಯೋಗಾಲಯವೆಂದರೆ ಒಂದು ಬೀರು, ಎರಡು ಬೆಂಚು, ಆ ವಾಚು. ವಾಚಂತೂ ಸದಾ ಅವರ ಜೇಬಿನಲ್ಲೇ. ಬಳ್ಳಾರಿ ಕಂಟೋನ್ಮೆಂಟಿನ ಹೋಟೆಲಿಗೆ ಹೋದರೆ ಸಪ್ಲೈಯರನ್ನು ಕರೆದು, ಅವನು ತಿರುಗಿ ನೋಡುವವರೆಗೆ ಅಳೆಯುತ್ತಿದ್ದರು. ಚಹಾ ತಡವಾದರೂ ಬೇಸರವಿಲ್ಲ, ಲೆಕ್ಕ ಸಿಕ್ಕರೆ ಸಾಕು.

"ಕೇಳೋದಕ್ಕೂ ಹೇಳೋದಕ್ಕೂ ನಡುವ ಒಂಚೂರು ಹೊತ್ತು ಹೋಗತೈತಲ್ಲ, ನಮ್ಮ ಶಾಸ್ತ್ರ ಹುಟ್ಟಿದ್ದ ಆ ಸಂದಿನ್ಯಾಗ" ಎನ್ನುತ್ತಿದ್ದರು. ಅದಕ್ಕೆ ಮುಂಚೆ ಮನಸ್ಸಿನ ಬಗ್ಗೆ ತತ್ವಜ್ಞಾನಿಗಳು ಕೂತಲ್ಲೇ ಮಾತಾಡುತ್ತಿದ್ದರಂತೆ. ಜರ್ಮನಿಯಲ್ಲಿ ಒಬ್ಬ ಪ್ರಾಧ್ಯಾಪಕ ಅದನ್ನು ಪ್ರಯೋಗಾಲಯಕ್ಕೆ ತಂದು, ಗಡಿಯಾರ ಇಟ್ಟು ಅಳೆಯತೊಡಗಿದ. ಆಮೇಲೆ ಬಂದವರು ಒಬ್ಬರಿಗೊಬ್ಬರು ಒಪ್ಪದೆ ಪಂಥ ಕಟ್ಟಿಕೊಂಡರು. ಈ ಜಗಳವನ್ನು ಸರ್ ನಿನ್ನೆ ನಮ್ಮ ಓಣಿಯಲ್ಲೇ ನಡೆದಂತೆ ಹೇಳುತ್ತಿದ್ದರು.

ನಾನಾಗ ಬಿ.ಎ. ಎರಡನೇ ವರ್ಷ. ಸ್ವಂತ ಮುಖಕ್ಕೆ ಗಿರಾಕಿ ಇಲ್ಲದ್ದರಿಂದ ಬೇರೆಯವರ ದನಿ ತೆಗೆದು, ಮಿಮಿಕ್ರಿ ಮಾಡಿ ಬದುಕುತ್ತಿದ್ದೆ. ಒಂದು ದಿನ ಸರ್ ಬರುವ ಮುಂಚೆ ಅವರದೇ ದನಿ ತೆಗೆದು, ಅವರದೇ ಕೆಮ್ಮು ಕೆಮ್ಮಿ ಪಾಠ ಮಾಡುತ್ತಿದ್ದೆ. ಬಾಗಿಲಲ್ಲಿ ವಾಚು ಟಿಕ್ ಎಂದಿತು.

"ನನ್ನ ನೋಡಿ ಬಾಯಿ ಮುಚ್ಚಾಕ ಎರಡು ಸೆಕೆಂಡ್ ತಗಂಡ್ಯಲ್ಲಲೇ" ಎಂದರು ಸರ್. "ಇನ್ನಾ ಚುರುಕ್ ಅದೀ ಅನ್ಕಂಡಿದ್ದೆ."

ಶಿಕ್ಷೆಯಾಗಿ ಎಲ್ಲ ಪಂಥಗಳನ್ನೂ ಕಲಿತು ಒಂದೊಂದಕ್ಕೆ ಒಂದೊಂದು ದನಿ ಕೊಟ್ಟು ಮಾಡಿ ತೋರಿಸಬೇಕೆಂದರು. ಕತೆ ಒಂದೇ: ಬೀದಿನಾಯಿ ಕಂಡು ಒಬ್ಬ ಹುಡುಗ ಹೆದರಿ ಓಡಿದ್ದಾನೆ. ರಚನಾವಾದಿಗೆ ನಾನು ಮೊಬೈಲ್ ರಿಪೇರಿಯವನ ದನಿ ಕೊಟ್ಟೆ: "ಭಯ ಅಂದ್ರ ನಡಿಯಂಗಿಲ್ಲ. ಬಿಚ್ಚಿ ತೋರ್ಸು. ಎದಿ ಡವಡವ ಒಂದು, ಗಂಟಲ ಒಣಗಿದ್ದು ಒಂದು." ಕಾರ್ಯವಾದಿ ಗಾಂಧಿನಗರದ ಕಿರಾಣಿ ಅಂಗಡಿಯವನು: "ಭಯದಿಂದ ಉಪಯೋಗ ಏನಪ? ಓಡಿದಿ, ಉಳಿದಿ. ಆತಲ್ಲ!" ಇಡಿಯಾಗಿ ನೋಡು ಎನ್ನುವ ಗೆಸ್ಟಾಲ್ಟ್‌ನವನು ಮದುವೆ ಫೋಟೋಗ್ರಾಫರ್: "ನಾಯಿ ಒಂದ ನೋಡಬ್ಯಾಡ್ರಿ. ಓಣಿ, ಗೋಡಿ, ನೀವು, ಎಲ್ಲಾರೂ ಫ್ರೇಮಿನ್ಯಾಗ ಬರ್ರಿ." ವರ್ತನಾವಾದಿ ಬಸ್ ಕಂಡಕ್ಟರ್: "ಮನಸ್ಸು ಗಿನಸ್ಸು ನನಗ ಗೊತ್ತಿಲ್ಲ. ಓಡಿದ್ಯೋ ಇಲ್ಲೋ, ಅಷ್ಟ ಹೇಳು." ಮನೋವಿಶ್ಲೇಷಣೆಗೆ ನಮ್ಮ ಚಿಗವ್ವ ಇದ್ದೇ ಇದ್ದಳು: "ನಾಯಿ ಬಿಡು. ಸಣ್ಣವ ಇದ್ದಾಗ ಮನ್ಯಾಗ ಏನಾಗಿತ್ತು, ಅದು ಹೇಳು ನನ್ನ ಮುಂದ."

ಸರ್ ನಕ್ಕು ನಕ್ಕು ಕೆಮ್ಮಿದರು. ಆ ಸಲದ ಮನಶ್ಶಾಸ್ತ್ರ ಪರೀಕ್ಷೆಯಲ್ಲಿ ನಾನು ಪಾಸಾದೆ, ಮನೆಯವರೂ ನಂಬಲಿಲ್ಲ.

ಸರ್ ಅತಿಥಿ ಉಪನ್ಯಾಸಕರು. ಇಪ್ಪತ್ತು ವರ್ಷದ ಅತಿಥಿ. ನಮ್ಮ ಮನೆಯಲ್ಲಾದರೆ ಅತಿಥಿಗೆ ಮೂರನೇ ದಿನಕ್ಕೇ ಬಸ್ಸಿನ ಟೈಮು ಹೇಳುತ್ತಾರೆ. ಮುಂದಿನ ವರ್ಷ ಹೊಸದಾಗಿ ಹದಿನೈದು ಮಂದಿ ಸೇರದಿದ್ದರೆ ಮನಶ್ಶಾಸ್ತ್ರ ಮುಚ್ಚುತ್ತೇವೆ ಎಂದು ಕಾಲೇಜು ಹೇಳಿತು. ವಿಷಯ ಹೋದರೆ ಸರ್ ಕೆಲಸವೂ ಹೋದಂತೆ. ಬಳ್ಳಾರಿಯಲ್ಲಿ ಎಂಟು ಹೆಸರು ಸಿಕ್ಕವು. ಉಳಿದ ಏಳಕ್ಕಾಗಿ ಸರ್ ನನ್ನನ್ನು ಕರೆದುಕೊಂಡು ಪಿಯು ಕಾಲೇಜುಗಳಿಗೆ ಹೊರಟರು. ನಾನು ನಗಿಸುವುದು, ಅವರು ತಿಳಿಸುವುದು.

ಸಿರುಗುಪ್ಪದಲ್ಲಿ ಮೂವರು ಒಪ್ಪಿದರು. ಇನ್ನು ನಾಲ್ಕು ಬೇಕು.

ಕುರುಗೋಡಿನಲ್ಲಿ ಹುಡುಗರು ನಕ್ಕರು, ಆದರೆ ಹೆಸರು ಕೊಡಲು ಯಾರೂ ಏಳಲಿಲ್ಲ. ನನಗೆ ತಡೆಯಲಾಗಲಿಲ್ಲ. "ಇದು ಕಲಿತ್ರ ಎದುರಿಗಿದ್ದವರ ಮನಸ್ಸು ಪುಸ್ತಕ ಓದಿದಂಗ ಓದಬೋದು. ನಮ್ಮ ಸರ್ ಓದ್ತಾರ!" ಎಂದು ಬಿಟ್ಟೆ. ತಟ್ಟನೆ ಆರು ಕೈ ಮೇಲೆದ್ದವು. ಗೆದ್ದೆವೆಂದು ಸರ್ ಕಡೆ ನೋಡಿದೆ. ಅವರು ನಗುತ್ತಿರಲಿಲ್ಲ.

ಅಷ್ಟರಲ್ಲಿ ಕೈ ಎತ್ತಿದ್ದ ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ನಮ್ಮವ್ವ ಮಾತು ಬಿಟ್ಟು ಆರು ತಿಂಗಳಾತ್ರಿ. ಊಟಕ್ಕ ಕರದ್ರ ಬರ್ತಾಳ, ಮಾತಾಡಂಗಿಲ್ಲ. ಆಕಿ ಮನಸ್ನ್ಯಾಗ ಏನೈತಿ ಓದಿ ಹೇಳ್ತೀರೇನ್ರಿ?"

ನಾನು ನೆಲ ನೋಡಿದೆ.

"ಇಲ್ಲವ್ವ. ನನಗ ಓದಾಕ ಬರಂಗಿಲ್ಲ. ಯಾರಿಗೂ ಬರಂಗಿಲ್ಲ" ಎಂದರು ಸರ್. "ಈಗ ಹೇಳಿದ್ದು ಸುಳ್ಳು. ನಮ್ಮ ಶಾಸ್ತ್ರದ ಹಿರೇರೆಲ್ಲ ಬಡದಾಡಿದ್ದ ಇದಕ್ಕ, ಒಳಗ ಏನೈತಿ ಅಂತ ತಿಳಿಯೋ ದಾರಿ ಯಾವುದು ಅಂತ. ಇನ್ನಾ ಪೂರ್ತಿ ಸಿಕ್ಕಿಲ್ಲ. ನಿಮ್ಮವ್ವಗ ಡಾಕ್ಟರ್ ಬೇಕು, ನನ್ನಂಥ ಮೇಷ್ಟ್ರಲ್ಲ."

ಎತ್ತಿದ್ದ ಕೈಗಳು ಒಂದೊಂದಾಗಿ ಇಳಿದವು. ಸರ್ ಒಂದು ಚೀಟಿಯಲ್ಲಿ ತಮ್ಮ ಫೋನ್ ನಂಬರ್ ಬರೆದು ಆ ಹುಡುಗಿಗೆ ಕೊಟ್ಟರು.

ವಾಪಸು ಬಸ್ಸಿನಲ್ಲಿ ನನಗೆ ಸಿಟ್ಟು. "ಸರ್, ಆರು ಮಂದಿ ಇದ್ರಲ್ಲ! ಅಡ್ಮಿಷನ್ ಆದಮ್ಯಾಲೆ ಹೇಳಿದ್ರ ಆಗ್ತಿರಲಿಲ್ಲೇನ್ರಿ?"

"ಆ ಹುಡುಗಿ ಮೂರು ವರ್ಷ ನನ್ನ ಮುಂದ ಕುಂದರತಿದ್ಲಲೇ" ಎಂದರು ಸರ್. "ಯಾವ ಮುಖ ಇಟ್ಕಂಡು ಪಾಠ ಮಾಡ್ಲಿ?" ಮತ್ತೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ವಾರ ತಾಯಿ ಮಗಳಿಬ್ಬರನ್ನೂ ತಾವೇ ಬಳ್ಳಾರಿಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಆಮೇಲೂ ನಾಲ್ಕೈದು ಸಲ ಹೋದರೆಂದು ಕೇಳಿದೆ. "ಆಕಿ ಮಾತಾಡಿದ್ಲೇನ್ರಿ ಸರ್?" ಎಂದರೆ, "ಅದು ಅವರ ಮನಿ ಮಾತು, ನಿನಗ್ಯಾಕ?" ಎಂದರು.

ಮನಶ್ಶಾಸ್ತ್ರಕ್ಕೆ ಹನ್ನೊಂದೇ ಹೆಸರು ಬಂದವು. ನಮ್ಮ ಬ್ಯಾಚ್ ಮುಗಿದ ಮೇಲೆ ಆ ಬೀರುವಿಗೆ ಬೀಗ ಬಿತ್ತು. ಸರ್ ಸಿರುಗುಪ್ಪದ ಒಂದು ಖಾಸಗಿ ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡತೊಡಗಿದರು. ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಸರ್‌ಗೆ ನಾಲ್ಕು ಹುಡುಗರನ್ನು ಹಿಡಿದು ತರಲೂ ಬರಲಿಲ್ಲ ಎಂದು ಕಾಲೇಜಿನವರು ಆಡಿಕೊಂಡರು. ನಾನು ಕೇಳಿಸಿಕೊಂಡು ಸುಮ್ಮನಿದ್ದೆ.

ಹೋದ ವರ್ಷ ಸರ್ ಎದೆನೋವಿನಿಂದ ತೀರಿಕೊಂಡರು. ಕಾಲೇಜಿನ ಶ್ರದ್ಧಾಂಜಲಿ ಸಭೆಯಲ್ಲಿ ಹಿರಿಯರೊಬ್ಬರು, "ಒಳ್ಳೇ ಮನುಷ್ಯರು. ಆದ್ರ ವಿಷಯ ಉಳಿಸಿಕೊಳ್ಳೋ ಚಾಲಾಕು ಇರಲಿಲ್ಲ" ಎಂದು ನಿಟ್ಟುಸಿರು ಬಿಟ್ಟರು. ಆಮೇಲೆ ನನ್ನನ್ನು ವೇದಿಕೆಗೆ ಕರೆದು, "ಸರ್ ದನಿ ಒಮ್ಮೆ ಕೇಳಿಸಪ, ಎದುರಿಗೆ ಬಂದಂಗ ಆಗತೈತಿ" ಎಂದರು.

ಅವರ ದನಿ ಕೆಮ್ಮಿನ ಸಮೇತ ನನ್ನ ಗಂಟಲಲ್ಲಿತ್ತು. ತೆಗೆಯಲಿಲ್ಲ. ಕುರುಗೋಡಿನಲ್ಲಿ ಸುಳ್ಳು ಹೇಳಿದವನು ನಾನು, ಅದನ್ನು ಸುಳ್ಳೆಂದು ಒಪ್ಪಿ ಕೆಲಸ ಕಳೆದುಕೊಂಡವರು ಅವರು ಎಂದು ನನ್ನ ದನಿಯಲ್ಲೇ ಹೇಳಿ ಕೆಳಗಿಳಿದೆ. ಆ ದನಿ ಎಷ್ಟು ಸಣ್ಣಗಿದೆಯೆಂದು ನನಗೂ ಅವತ್ತೇ ಗೊತ್ತಾದದ್ದು.