ಕೆಂಪು ಹಚ್ಚಿದ ವಹಿ

ಕೆಂಪು ಪೆನ್ನು ನೀಲಿಗಿಂತ ಬೇಗ ಮುಗಿಯುವುದೇಕೆಂಬುದು ವಿಜ್ಞಾನಿಗಳು ಇನ್ನೂ ಕೈಹಾಕದ ಸಮಸ್ಯೆ. ಮಹಾರಾಷ್ಟ್ರದ ಗಡಿಯೊಳಗೆ, ಮುರುಮ ಎಂಬ ಪೇಟೆಯ ಆಚೆಗಿನ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಗುರೂಜಿಯಾಗಿರುವ ನನಗೆ ಮಾತ್ರ ಉತ್ತರ ಗೊತ್ತು: ಮಕ್ಕಳು ತಮ್ಮ ವಹಿಯಲ್ಲಿ, ಎಂದರೆ ನೋಟುಬುಕ್ಕಿನಲ್ಲಿ, ಒಂದು ಸಾಲು ಬರೆದರೆ ಕೆಳಗೆ ನಾನು ಎರಡು ಸಾಲು ಬರೆಯುತ್ತಿದ್ದೆ. 'ಅಲಕ್ಷ್ಯ', 'ಅಭ್ಯಾಸ ಸಾಲದು', 'ಏಕಾಗ್ರತೆ ಬೇಕು'. ನನ್ನ ಷರಾಗಳ ಗಾಂಭೀರ್ಯಕ್ಕೆ ನಾನೇ ತಲೆದೂಗುತ್ತಿದ್ದೆನೇ ವಿನಾ ಮರುದಿನ ಯಾರ ಲೆಕ್ಕವೂ ಸುಧಾರಿಸಿರುತ್ತಿರಲಿಲ್ಲ. ಮುರುಮದ ಅಂಗಡಿಯವನಂತೂ ನನ್ನ ಮುಖ ಕಂಡೊಡನೆ ಕೇಳದೆಯೇ ಕೆಂಪು ಪೆನ್ನಿನ ಡಬ್ಬಿ ಇಳಿಸುತ್ತಿದ್ದ.

ಹೀಗಿರುವಾಗ ಐದನೆಯ ತರಗತಿಯ ರೇಣುಕಾ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಬೀರಪ್ಪ ದೇವರಿಗೆ ನಡೆದುಕೊಳ್ಳುವ ಕುರಿಗಾರರ ಮನೆಯ, ಮಾತು ಕಡಿಮೆಯ, ಕಣ್ಣು ಚುರುಕಾದ ಹುಡುಗಿ. ಹುಡುಕುತ್ತ ಹೋದರೆ, ಸೋಯಾಬೀನ್ ಕೊಯ್ದ ಹೊಲದಲ್ಲಿ ಮಂದೆಯ ಜೊತೆಗಿದ್ದಳು. ಅವಳ ತಾಯಿ ಮಾಳವ್ವ ಮುಚ್ಚುಮರೆಯಿಲ್ಲದೆ ಹೇಳಿದಳು:

"ಇನ್ನ ಸಾಲಿ ಬ್ಯಾಡ ಅಂತಾಳ ರೀ ಗುರೂಜಿ. ನನಗ ಕೆಂಪ ಹಚ್ಚ್ಯಾರ, ಇನ್ನ ತಗೀತಾರ ಅಂತ ಅಳತಾಳ."

ನನಗೆ ತಲೆಬುಡ ತಿಳಿಯಲಿಲ್ಲ. ಮಾಳವ್ವ ಮಂದೆಯತ್ತ ಕೈ ತೋರಿಸಿದಳು. ಮೂರು ಕುರಿಗಳ ಬೆನ್ನಿಗೆ ಕೆಂಪು ಬಣ್ಣ ಹಚ್ಚಿದ್ದರು. ಅವರ ರೂಢಿಯಲ್ಲಿ ಆ ಗುರುತು ಬಿದ್ದ ಕುರಿಯನ್ನು ಮಂದೆಯಿಂದ ತೆಗೆದಂತೆ, ಮುಂದಿನ ಸಂತೆಗೆ ಹೋದದ್ದು ಮತ್ತೆ ಬರುವುದಿಲ್ಲ. ರೇಣುಕಾಳ ಗಣಿತದ ವಹಿಗೆ ಪುಟಪುಟವೂ ಕೆಂಪು ಬಳಿದ ಮಹಾನುಭಾವ ನಾನೇ. ನೀವು ನಗಬಹುದು, ನನಗೆ ಮಾತ್ರ ಆ ಬಿಸಿಲಲ್ಲಿ ನಾಚಿಕೆಯಾಯಿತು.

ಅಷ್ಟರಲ್ಲಿ ಒಂದು ಕುರಿ ಕುಂಟಿತು. ರೇಣುಕಾ ಅದನ್ನು ಹಿಡಿದು, ಗೊರಸು ಎತ್ತಿ, ಬೆರಳಾಡಿಸಿ ಜಾಲಿಮುಳ್ಳು ಹುಡುಕಿ ಕಿತ್ತಳು. ಆಮೇಲೆ ನಾಲ್ಕು ಹೆಜ್ಜೆ ನಡೆಸಿ, ಕುಂಟುವುದಿಲ್ಲವೆಂದು ನೋಡಿಕೊಂಡೇ ಅದನ್ನು ಬಿಟ್ಟಳು. ಬೈಯಲಿಲ್ಲ, 'ಏಕಾಗ್ರತೆ ಬೇಕು' ಎಂದು ಅದರ ಬೆನ್ನ ಮೇಲೆ ಬರೆಯಲೂ ಇಲ್ಲ. ಇಪ್ಪತ್ತು ವರ್ಷಗಳ ನನ್ನ ಪಾಂಡಿತ್ಯ ಬದುವಿನ ಮೇಲೆ ಕುಕ್ಕರಿಸಿ ಕೂತಿತು.

ನಾನೂ ಕೂತೆ. ವಹಿ ತರಿಸಿ, ಪೆನ್ನು ಜೇಬಿನಿಂದ ತೆಗೆಯದೆ ಓದಿದೆ. ಹತ್ತು ತಪ್ಪು ಎಂದು ನಾನು ಗೀಚಿದ್ದು ಹತ್ತು ಕಡೆ ಬಂದ ಒಂದೇ ತಪ್ಪು. ಕಳೆಯುವಾಗ ಪಕ್ಕದ ಮನೆಯಿಂದ ಹತ್ತು ತರಬೇಕಲ್ಲ, ಅಲ್ಲಿ ಸೊನ್ನೆಯಿದ್ದರೆ ಹುಡುಗಿ ಬರಿಗೈಲಿ ಮರಳುತ್ತಿದ್ದಳು.

"ನೋಡವ್ವ, ನಿನ್ನ ಲೆಕ್ಕದಾಗ ಇದೊಂದೇ ಮುಳ್ಳು. ಸೊನ್ನಿ ಮನ್ಯಾಗ ಏನೂ ಇಲ್ಲಂದ್ರ ಅದರ ಆಚೀ ಮನೀಗಿ ಹೋಗು," ಎಂದೆ.

ಒಂದು ಲೆಕ್ಕ ಮಾಡಿದಳು, ಸರಿಬಂತು. ನಡೆಸಿ ನೋಡಬೇಕಲ್ಲ, ಇನ್ನೊಂದು ಕೊಟ್ಟೆ. ಅದೂ ಸರಿಬಂತು. ವಹಿಯಿಂದ ತಲೆಯೆತ್ತದೆ ಕೇಳಿದಳು:

"ಮತ್ತ ನನ್ನ ತಗೆಯಂಗಿಲ್ಲೇನ್ರೀ?"

ಇಲ್ಲವ್ವ, ನಾಳೆ ಬಾ ಎಂದೆ. ಬಂದಳು.

ಕಳೆದ ವಾರ ಹಲಗೆಯ ಮೇಲೆ ಲೆಕ್ಕ ಬಿಡಿಸುತ್ತ ನಾನೇ ಎಡವಿದೆ. ಹಿಂದಿನ ಸಾಲಿನಿಂದ ರೇಣುಕಾ ಎದ್ದಳು: "ಗುರೂಜಿ, ಅಲ್ಲಿ ಒಂದ ಮುಳ್ಳ ಅದರೀ." ತಿದ್ದಿದೆ. ಅವಳು ಕೂರಲಿಲ್ಲ. "ಈಗ ಇನ್ನೊಂದ ಮಾಡ್ರಿ, ನೋಡತೀನಿ."

ಮಾಡಿದೆ. ಹೊಲಕ್ಕೆ ಹೋದ ದಿನ ಜೇಬಿನಲ್ಲಿದ್ದ ಅದೇ ಕೆಂಪು ಪೆನ್ನು ಇನ್ನೂ ಮುಗಿಯದೆ ಅಲ್ಲೇ ಇತ್ತು. ನಾನು ಸೀಮೆಸುಣ್ಣ ಹಿಡಿದು ಅವಳ ಮುಖ ನೋಡುತ್ತ ನಿಂತೆ.

"ಬರೋಬರಿ ಅದರೀ," ಎಂದು ಕೂತಳು.